ಹಿಂಟರ್‌ಬೋಡನ್‌ನ ಐದನೇ ಕುರ್ಚಿ

ಅಕ್ಟೋಬರ್ 19, ಗುರುವಾರ

ಪಂಚಾಯಿತಿ ಕಾರ್ಯದರ್ಶಿ ಜೀಟಾ ಪ್ಲಾನ್ಜರ್ ಬೆಳಿಗ್ಗೆ ಫೋನ್ ಮಾಡಿದಳು. ಊರಿಗೆ ಹೊಸ ವೆಬ್‌ಸೈಟ್ ಮಾಡಿಸಿದ್ದಾರಂತೆ, ಮೊದಲ ಪುಟಕ್ಕೆ ಊರಿನ ಮತ್ತು ಜನರ ಪರಿಚಯ ಬೇಕಂತೆ. “ನೀವು ಬರೆಯೋರಲ್ವಾ, ಫ್ರೌ ಕಾದುಫ್” ಅಂದಳು. ನಾನು ಬರೆಯುವುದು ಬಟ್ಟೆ ಒಗೆಯುವ ಯಂತ್ರಗಳ ಕೈಪಿಡಿ. ಅದೂ ಸ್ವಂತದ್ದಲ್ಲ, ಜರ್ಮನ್‌ನಿಂದ ಇಟಾಲಿಯನ್‌ಗೆ ಮಾಡುವ ಅನುವಾದ. ಜೀಟಾಗೆ ಎಲ್ಲ ಬರವಣಿಗೆಯೂ ಒಂದೇ.

ಮಧ್ಯಾಹ್ನದೊಳಗೆ ಬರೆದು ಕಳಿಸಿದೆ. ಇಲ್ಲಿಯೂ ನಕಲು ಮಾಡಿಕೊಳ್ಳುತ್ತೇನೆ, ಯಾಕೆಂದರೆ ಅವರು ಖಂಡಿತ ತಿದ್ದುತ್ತಾರೆ:

“ಹಿಂಟರ್‌ಬೋಡನ್ ಕಣಿವೆಯ ಕೊನೆಯ ಊರು. ಇಲ್ಲಿಂದ ಮುಂದೆ ಎಲ್ಲಿಗೂ ಹೋಗಲಾಗುವುದಿಲ್ಲ. ಜನಸಂಖ್ಯೆ ಮುನ್ನೂರರ ಆಸುಪಾಸು, ಇಳಿಮುಖ. ನೆಲದಲ್ಲಿ ಅರ್ಧ ಬಂಡೆ, ಉಳಿದದ್ದರಲ್ಲಿ ಬಹುಪಾಲು ಕಾಡು, ಅದೂ ಕಳೆದು ಮಿಕ್ಕಿದ್ದರಲ್ಲಿ ಹಸು. ಧರ್ಮ ಕ್ಯಾಥೊಲಿಕ್. ಮನೆತನಗಳು ನಾಲ್ಕು. ಇಲ್ಲಿ ಯಾರೂ ಯಾರಿಗೂ ‘ಇಲ್ಲ’ ಅನ್ನುವುದಿಲ್ಲ, ಏಕೆಂದರೆ ಎಲ್ಲರೂ ಎಲ್ಲರಿಗೂ ನೆಂಟರು. ಹಾಗೆಂದು ‘ಹೌದು’ ಅನ್ನುವವರೂ ಇಲ್ಲ. ಏನು ಕೇಳಿದರೂ ‘ನೋಡೋಣ’ ಅನ್ನುತ್ತಾರೆ, ಆಮೇಲೆ ನೋಡುವುದೂ ಇಲ್ಲ.”

ಕಳಿಸಿದ ಮೇಲೆ ಸ್ವಲ್ಪ ಅಳುಕಾಯಿತು. ಸಿಟ್ಟಿತ್ತೋ, ಬರೀ ಧಿಮಾಕೋ? ಹನ್ನೊಂದು ವರ್ಷದ ಹಿಂದೆ ಗಂಡ ರೇಟೋ ನನ್ನನ್ನು ಇಲ್ಲಿಗೆ ಕರೆತಂದದ್ದು ಶಾಂತಿಗಾಗಿ. ಆಮೇಲೆ ಅವನಿಗೆ ಇನ್ನೂ ಹೆಚ್ಚಿನ ಶಾಂತಿ ಬೇಕಾಗಿ ಬೇರೊಬ್ಬಳ ಜೊತೆ ಹೊರಟುಹೋದ. ಈ ಕಂಬಳಿ ಹುಳದಂಥ ಜನರ ನಡುವೆ ಉಳಿದವಳು ನಾನು. ಆದರೆ ಇನ್ನು ಹೆಚ್ಚು ದಿನ ಅಲ್ಲ. ಲುಸೆರ್ನ್‌ನಲ್ಲಿ ಅಕ್ಕ ಪ್ರಿಸ್ಕಾಳ ಮನೆಯ ಮೇಲಂತಸ್ತು ಜೂನ್ ಒಂದಕ್ಕೆ ಖಾಲಿಯಾಗುತ್ತದೆ. ಅದು ನನಗೆ ಅಂತ ಹೇಳಿದ್ದಾಳೆ. ಈ ಚಳಿಗಾಲವೊಂದನ್ನು ಹೇಗೋ ತಳ್ಳಬೇಕು.

ಅಕ್ಟೋಬರ್ 23, ಸೋಮವಾರ

ಜೀಟಾ ಅಂಚೆ ಕಚೇರಿಯ ಹತ್ತಿರ ಸಿಕ್ಕಳು.

“ಓದಿದೆ. ಚೆನ್ನಾಗಿದೆ. ಅಧ್ಯಕ್ಷರಿಗೂ ಓದಿ ಹೇಳ್ದೆ. ಎರಡನೇ ಸಲ ಓದಿಸ್ಕೊಂಡ್ರು.”

“ಏನು ತೆಗೆದಿರಿ?”

“ಏನೂ ತೆಗೀಲಿಲ್ಲ. ಒಂದು ತಪ್ಪಿತ್ತು, ತಿದ್ದಿದೀನಿ. ಮನೆತನ ನಾಲ್ಕಲ್ಲ, ಐದು. ಬಿಸ್ಸಿಗ್‌ಗಳನ್ನ ಬಿಟ್ಟಿದ್ರಿ.”

ಬೈದರೆ ಬೈಗುಳದ ಲೆಕ್ಕ ಸರಿಪಡಿಸಿ ಇಟ್ಟುಕೊಳ್ಳುವ ಜನ. ಇವರನ್ನು ಅವಮಾನಿಸುವುದಕ್ಕೂ ಸಾಧ್ಯವಿಲ್ಲ.

ನವೆಂಬರ್ 12, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಇವತ್ತು ಗ್ರಾಮಸಭೆ ಇತ್ತು. ಚರ್ಚಿನಲ್ಲಿ ಪೂಜೆ ಮುಗಿಸಿ ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ ಸೇರುತ್ತಾರೆ, ಹೆಸರು ಕೂಗುತ್ತಾರೆ, ಕೈ ಎತ್ತುತ್ತಾರೆ, ಆಮೇಲೆ ವೈನು, ಚೀಸು. ನಾನು ಒಂದು ಸಲವೂ ಹೋದವಳಲ್ಲ. ಸ್ನಾನದ ಗೌನಿನಲ್ಲಿಯೇ ನಿಂತು ಆಲೂಗೆಡ್ಡೆ ಸುಲಿಯುತ್ತಿದ್ದೆ. ಕಿಟಕಿಯ ಕೆಳಗೆ ಬ್ಯಾಂಡು ಶುರುವಾಯಿತು.

ಯಾರದೋ ಮದುವೆ ಅಂದುಕೊಂಡೆ. ಬಗ್ಗಿ ನೋಡಿದರೆ ಊರಿಗೆ ಊರೇ ನನ್ನ ಕಿಟಕಿ ನೋಡುತ್ತ ನಿಂತಿದೆ. ಮುಂದೆ ಅಧ್ಯಕ್ಷ ಆಂಬ್ರೋಸ್ ಹೆರ್ಗರ್, ಟೋಪಿ ಕೈಯಲ್ಲಿ. ಅವನಿಗೆ ಮೂವತ್ತು ಹಸು, ಒಂದು ಮುಖಭಾವ. ಕೆಳಗಿಳಿದು ಬಾಗಿಲು ತೆಗೆದೆ.

“ಅಭಿನಂದನೆ” ಅಂದ.

“ಯಾತಕ್ಕೆ?”

“ಪಂಚಾಯಿತಿಲಿ ಐದನೇ ಜಾಗ ಖಾಲಿ ಇತ್ತಲ್ಲ. ನಿನ್ನ ಆರಿಸಿದೀವಿ.”

“ನಾನು ನಿಂತೇ ಇಲ್ಲ.”

“ಯಾರೂ ನಿಲ್ಲಲ್ಲ. ಬೇಕು ಅಂತ ನಿಂತೋರನ್ನ ಕಂಡ್ರೆ ನಮಗೇ ಒಂದು ಥರ ಅನುಮಾನ.”

“ನನಗೆ ಬೇಡ, ಹೆರ್ ಹೆರ್ಗರ್.”

“ಗೊತ್ತು. ನಂಗೂ ಬೇಡ ಆಗಿತ್ತು. ಹದಿನಾಲ್ಕು ವರ್ಷ ಆಯ್ತು. ಆಂಬ್ರೋಸ್ ಅನ್ನು.”

ಅವರ ಪ್ರಕಾರ ನಡೆದದ್ದು ಇಷ್ಟು: ಹೆಸರು ಕೂಗಿ ಅಂದಾಗ ಎಲ್ಲರೂ ಬೂಟು ನೋಡಿಕೊಂಡು ಕುಳಿತರಂತೆ. ಜೀಟಾ ಎದ್ದು ನಾನು ಬರೆದ ಪರಿಚಯವನ್ನು ಜೋರಾಗಿ ಓದಿದಳಂತೆ. ನಗು. ‘ನೋಡೋಣ’ ಬಂದಾಗ ಇನ್ನೂ ನಗು. ಓದಿ ಮುಗಿಸಿ ನಿಂತಲ್ಲೇ ನನ್ನ ಹೆಸರು ಹೇಳಿದಳಂತೆ. ಎಲ್ಲ ಕೈಗಳೂ ಮೇಲೆ ಹೋದವಂತೆ.

ನಮ್ಮ ಪ್ರಾಂತ್ಯದಲ್ಲಿ, ಅಂದರೆ ಈ ಕ್ಯಾಂಟನ್‌ನಲ್ಲಿ ಆರಿಸಿಬಂದವರು ಒಲ್ಲೆ ಅನ್ನುವಂತಿಲ್ಲ. ಜನವರಿಯಿಂದ ಎರಡು ವರ್ಷ ಕೂರಲೇಬೇಕು. ಈ ಕಾನೂನು ಇದೆ ಅಂತ ಗೊತ್ತಿತ್ತು, ಮಾಟಗಾತಿಯರನ್ನು ಸುಡುತ್ತಿದ್ದರು ಅಂತ ಗೊತ್ತಿರುವ ಹಾಗೆ.

ಬಾಗಿಲಲ್ಲಿ ಬ್ಯಾಂಡಿನವರಿಗೆ ವೈನ್ ಕೊಡಬೇಕಂತೆ. ಕೊಟ್ಟೆ. ಅಡುಗೆಮನೆಯ ನೆಲದ ಮೇಲೆಲ್ಲ ಅವರ ಬೂಟಿನ ಮಣ್ಣು. ಇಷ್ಟು ವರ್ಷ ‘ನೀವು’ ಅನ್ನುತ್ತಿದ್ದವರೆಲ್ಲ ಒಂದೇ ಮಧ್ಯಾಹ್ನದಲ್ಲಿ ‘ನೀನು’ಗೆ ಇಳಿದುಬಿಟ್ಟರು. ಅದಕ್ಕೂ ನನ್ನ ಒಪ್ಪಿಗೆ ಯಾರೂ ಕೇಳಲಿಲ್ಲ.

ನವೆಂಬರ್ 15, ಬುಧವಾರ

ಮೇಲಿನ ದಾರಿಯ ಲುಕಾಸ್ ಫ್ರೈ ಊಟಕ್ಕೆ ಕರೆದಿದ್ದ. ಬಾಸೆಲ್‌ನ ವಾಸ್ತುಶಿಲ್ಪಿ. ಎರಡು ವರ್ಷದ ಹಿಂದೆ ಹಳೆಯ ದನದ ಕೊಟ್ಟಿಗೆ ಕೊಂಡು ಒಂದು ಗೋಡೆ ಪೂರಾ ಗಾಜು ಹಾಕಿಸಿಕೊಂಡು ಇಲ್ಲಿಯ ನಿವಾಸಿಯಾಗಿದ್ದಾನೆ. ಇಡೀ ವಾಕ್ಯಗಳಲ್ಲಿ ಮಾತಾಡುವ ಒಬ್ಬನೇ ಮನುಷ್ಯ. ಒಳ್ಳೆಯ ವೈನ್ ಕೊಟ್ಟ.

“ಇದು ಊರಲ್ಲ, ಅಪಹರಣ” ಅಂದ. “ನೀವು ಹೋರಾಡಬೇಕು.”

ಮನಸ್ಸು ಹಗುರಾಯಿತು. ಕಾನೂನು ಅವನಿಗೂ ಗೊತ್ತು: ಊರು ಬಿಟ್ಟು ವಿಳಾಸ ಬದಲಿಸಿದರೆ ಯಾರೂ ಏನೂ ಮಾಡುವಂತಿಲ್ಲ. ಅಂದರೆ ಜನವರಿಯಿಂದ ಮೇ ತನಕ ಮಾತ್ರ. ಜೂನ್ ಒಂದಕ್ಕೆ ಲುಸೆರ್ನ್. ಅಲ್ಲಿಯವರೆಗೆ ಕುರ್ಚಿಯ ಮೇಲೆ ಕುಳಿತು ಗೋಡೆ ನೋಡುವುದು.

ಜನವರಿ 9, ಮಂಗಳವಾರ

ಮೊದಲ ಸಭೆ. ಪಂಚಾಯಿತಿ ಕೋಣೆಯಲ್ಲಿ ಒದ್ದೆ ಉಣ್ಣೆಯ ವಾಸನೆ. ನಾಲ್ಕು ಗಂಡಸರು, ನಾನು, ಟಿಪ್ಪಣಿ ಬರೆಯಲು ಜೀಟಾ. ಹಣಕಾಸು, ಶಾಲೆ, ನೀರು, ಕಾಡು ಎಲ್ಲ ಮೊದಲೇ ಹಂಚಿಹೋಗಿತ್ತು. ನನಗೆ ಉಳಿದದ್ದು ಚಳಿಗಾಲದ ರಸ್ತೆ. ಅಂದರೆ ಕೆಳಗಿನ ಕಣಿವೆಯಿಂದ ಬರುವ ಒಂದೇ ರಸ್ತೆಗೆ ಮೇಲಿನ ಇಳಿಜಾರಿನಿಂದ ಹಿಮ ಕುಸಿಯುವ ಭಯವಿದ್ದಾಗ ಅದನ್ನು ಮುಚ್ಚು ಅಂತ ಹೇಳುವ ಕೆಲಸ.

“ನನಗೆ ಹಿಮದ ಬಗ್ಗೆ ಏನೂ ಗೊತ್ತಿಲ್ಲ” ಅಂದೆ.

“ಹಿಮದ ವಿಷ್ಯ ಕ್ಯಾಂಟನ್‌ನೋರು ದಿನಾ ಬೆಳಿಗ್ಗೆ ಕಳಿಸ್ತಾರೆ” ಅಂದ ಆಂಬ್ರೋಸ್. “ಮುಚ್ಚು ಅನ್ನೋಕೆ ಬಾಯಿ ಬೇಕು, ಅಷ್ಟೆ.”

“ನಿಮಗೆ ಬಾಯಿ ಇಲ್ಲವಾ?”

ಆಂಬ್ರೋಸ್ ಕಿಟಕಿ ನೋಡಿದ. ಜೀಟಾ ಅವನ ಪರವಾಗಿ ಹೇಳಿದಳು: “ಒಂದ್ಸಲ ಮುಚ್ಚಿಸಿದ್ರು. ಅವರ ಭಾವ ನಾಲ್ಕು ವರ್ಷ ಮಾತು ಬಿಟ್ರು. ಇವರ ತಂಗಿ ಕ್ರಿಸ್‌ಮಸ್‌ಗೆ ಬರೋದು ನಿಲ್ಲಿಸಿದ್ಲು. ಇಲ್ಲಿ ಕೂತಿರೋರಿಗೆಲ್ಲ ಯಾರಾದ್ರೂ ಇದ್ದಾರೆ. ನಿನಗೆ ಯಾರೂ ಇಲ್ಲ. ಅದಕ್ಕೇ.”

ಎಷ್ಟು ಸಹಜವಾಗಿ ಹೇಳಿದಳು, ಕಾಲಿನ ಅಳತೆ ಹೇಳಿದ ಹಾಗೆ. ನನಗೆ ಯಾರೂ ಇಲ್ಲ ಅನ್ನುವುದೇ ನನ್ನ ಅರ್ಹತೆ. ಮನೆಗೆ ನಡೆದು ಬರುವಾಗ ಉತ್ತರಗಳು ಹೊಳೆದವು, ಒಂದಕ್ಕಿಂತ ಒಂದು ಚೂಪಾದವು. ಯಾವುದೂ ಅವಳು ಹೇಳಿದ್ದನ್ನು ಸುಳ್ಳು ಮಾಡುವಂತಿರಲಿಲ್ಲ.

ಜನವರಿ 23, ಮಂಗಳವಾರ

ನಾಯಿ ಹೇಲಿನ ಡಬ್ಬಿಯನ್ನು ಚರ್ಚಿನ ಗೇಟಿನಿಂದ ಎಷ್ಟು ದೂರ ಇಡಬೇಕು ಅಂತ ಒಂದೂಕಾಲು ಗಂಟೆ. ತೀರ್ಮಾನ: ನೋಡೋಣ.

ಫೆಬ್ರವರಿ 8, ಗುರುವಾರ

ಇವತ್ತು ಕಾರ್ನಿವಲ್‌ನ ಮೊದಲ ದಿನ. ನಾನು ಊರಿನ ರಸ್ತೆ ಮುಚ್ಚಿಸಿದ್ದೇನೆ.

ಭಾನುವಾರದಿಂದ ಹಿಮ ನಿಂತಿಲ್ಲ, ನಿನ್ನೆಯಿಂದ ಗಾಳಿಯೂ ಸೇರಿಕೊಂಡಿದೆ. ಬೆಳಿಗ್ಗೆ ಬಂದ ಸೂಚನೆಯಲ್ಲಿ ‘ಅಪಾಯ ಹೆಚ್ಚು’ ಅಂತಿತ್ತು, ‘ನಿರ್ಧಾರ ಸ್ಥಳೀಯರದು’ ಅಂತಲೂ ಇತ್ತು. ಕೆಳಗಿನ ಕಣಿವೆಯಿಂದ ಮುಖವಾಡದವರು, ಡೋಲಿನವರು ಮೂರು ಬಸ್ಸಿನಲ್ಲಿ ಬರುವವರಿದ್ದರು. ಎಲ್ಲರೂ ಉಣ್ಣುವುದು ಕ್ಯೋಬಿ ಗಾಮ್ಮಾನ ಹೋಟೆಲಿನಲ್ಲಿ. ಕ್ಯೋಬಿ ಆಂಬ್ರೋಸ್‌ಗೆ ಸೋದರತ್ತೆಯ ಮಗ, ಉಳಿದ ಅರ್ಧ ಊರಿಗೆ ಇನ್ನೇನೋ. ನಾನು ಕಚೇರಿಗೆ ಹೋಗುವಷ್ಟರಲ್ಲಿ ಅವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದು ನಿಂತಿದ್ದ.

“ಉರ್ಸಿನಾ, ಕಜ್ಜಾಯದ ಹಿಟ್ಟು ಕಲಸಿಟ್ಟಿದೀನಿ. ಎಣ್ಣೆ ಕಾದಿದೆ. ಆ ಇಳಿಜಾರು ನಮ್ಮಪ್ಪನ ಕಾಲದಿಂದ ಕೆಳಗೆ ಬಂದಿಲ್ಲ.”

“ನಿಮ್ಮಪ್ಪನ ಕಾಲದಲ್ಲಿ ಬಂದಿತ್ತಾ?”

“ಅದು ಬೇರೆ ವಿಷ್ಯ.”

“ಬಂದಾಗ ಏನಾಯಿತು?”

“ರಾತ್ರಿ ಬಂದಿತ್ತು. ರಸ್ತೇಲಿ ಯಾರೂ ಇರ್ಲಿಲ್ಲ.”

“ಇವತ್ತು ಮೂರು ಬಸ್ಸು ಇರುತ್ತೆ.”

“ಆಂಬ್ರೋಸ್, ನೀನಾದ್ರೂ ಹೇಳೋ.”

ಆಂಬ್ರೋಸ್ ಒಲೆಗೆ ಸೌದೆ ತುರುಕುತ್ತಿದ್ದ. ಒಲೆ ಆಗಲೇ ತುಂಬಿತ್ತು. “ನೋಡೋಣ” ಅಂದ. ಆದರೆ ಅವನು ಹಾಗನ್ನುತ್ತ ನೋಡಿದ್ದು ಕ್ಯೋಬಿಯನ್ನಲ್ಲ, ನನ್ನನ್ನು. ದನ ಬಾಗಿಲು ತೆಗೆಯುವವರನ್ನು ನೋಡುವ ಹಾಗೆ. ಮುಚ್ಚಬೇಕು ಅಂತ ಅವನಿಗೂ ಇದೆ, ಬಾಯಿ ಬರುತ್ತಿಲ್ಲ. ಹದಿನಾಲ್ಕು ವರ್ಷ ಅಧ್ಯಕ್ಷನಾಗಿ ಇದೇ ಸಾಧನೆ.

“ನೋಡುವುದಕ್ಕೆ ಏನೂ ಇಲ್ಲ. ಮುಚ್ಚಿ” ಅಂದೆ.

ಬಹಳ ಸುಲಭವಾಯಿತು. ಕ್ಯೋಬಿ ನನಗೆ ಯಾರೂ ಅಲ್ಲ. ಅವನು ಬಾಗಿಲು ಬಡಿದು ಹೋದ, ಹಿಡಿಯ ಮೇಲೆ ಹಿಟ್ಟು ಉಳಿಯಿತು. ಜೀಟಾ ಬಟ್ಟೆಯಿಂದ ಒರೆಸಿ ಬಸ್ಸಿನವರಿಗೆ ಫೋನ್ ಮಾಡಿದಳು.

ಸೇತುವೆಯ ಹತ್ತಿರ ರಸ್ತೆ ಮುಚ್ಚುವ ಅಡ್ಡಗಂಬ ಮಂಜುಗಟ್ಟಿ ಹಿಡಿದುಕೊಂಡಿತ್ತು. ಆಂಬ್ರೋಸ್ ಸಲಿಕೆಯಿಂದ ಬಡಿದು ಬಿಡಿಸಿಕೊಟ್ಟ. ಕಂಬ ಎಳೆಯುವುದನ್ನು ಮಾತ್ರ ನನಗೇ ಬಿಟ್ಟ. ಯಾರಾದರೂ ದೂರದಿಂದ ನೋಡುತ್ತಿದ್ದರೆ ಅವನ ಕೈ ಕಾಣಬಾರದಲ್ಲ.

ಈಗ ಯೋಚಿಸುತ್ತಿದ್ದೇನೆ. ಹಿಮಕ್ಕೆ ಹೆದರಿ ಮುಚ್ಚಿಸಿದೆನೋ, ಕ್ಯೋಬಿಯ ಮುಖ ನೋಡುವ ಆಸೆಗೋ? ಎರಡೂ ಇರಬಹುದು. ಬಸ್ಸಿನವರಿಗೆ ಆ ವ್ಯತ್ಯಾಸ ಬೇಕಿಲ್ಲ.

ಫೆಬ್ರವರಿ 9, ಶುಕ್ರವಾರ

ಏನೂ ಬೀಳಲಿಲ್ಲ. ಬಿಸಿಲು. ಇಳಿಜಾರು ಇಸ್ತ್ರಿ ಮಾಡಿದ ಮೇಲುಹಾಸಿನ ಹಾಗಿದೆ.

ಫೆಬ್ರವರಿ 10, ಶನಿವಾರ

ಇವತ್ತೂ ಇಲ್ಲ. ರಸ್ತೆ ತೆರೆಸಿದೆ. ಅಂಗಡಿಯಲ್ಲಿ ನಾನು ಒಳಗೆ ಹೋದ ತಕ್ಷಣ ಮಾತು ನಿಂತಿತು. ಕ್ಯೋಬಿಯ ಹೆಂಡತಿ ಬ್ರೆಡ್ಡಿನ ಕಡೆ ತಿರುಗಿ, “ಕಜ್ಜಾಯ ಹಂದಿಗೆ ಹಾಕಿದ್ವಿ. ಹಂದಿಗಳು ರಸ್ತೆ ಅಧಿಕಾರಿಗೆ ಥ್ಯಾಂಕ್ಸ್ ಹೇಳಿದ್ವು” ಅಂದಳು. ಬ್ರೆಡ್ಡು ನಗಲಿಲ್ಲ, ಉಳಿದವರೆಲ್ಲ ನಕ್ಕರು.

ಈ ಊರಿನ ಹಿಮವೂ ಈ ಊರಿನದೇ. ಬರುತ್ತೇನೆ ಅನ್ನುವುದಿಲ್ಲ, ಬರುವುದಿಲ್ಲ ಅಂತಲೂ ಅನ್ನುವುದಿಲ್ಲ.

ಫೆಬ್ರವರಿ 12, ಸೋಮವಾರ

ಮುಂದೆ ಹಾಕಿದ್ದ ಕಾರ್ನಿವಲ್ ಇವತ್ತು ಆಯಿತು. ಹೋಗಬಾರದು ಅಂತಿದ್ದೆ. ಹೋಗದಿದ್ದರೆ ಹೆದರಿದಳು ಅನ್ನುತ್ತಾರೆ ಅಂತ ಹೋದೆ.

ಮೆರವಣಿಗೆಯ ನಡುವೆ ಬೂದು ಕೋಟು, ಕನ್ನಡಕ, ಹಿಟ್ಟು ಬಳಿದ ಮುಖವಾಡದ ಒಂದು ಹೆಂಗಸು ಬಂದಿತು. ಕೈಯಲ್ಲಿ ಕೆಂಪು ಬಿಳಿ ಬಣ್ಣದ ಕಂಬ. ಎಲ್ಲರನ್ನೂ ಅಡ್ಡಗಟ್ಟಿತು: ಪಾದ್ರಿಯನ್ನು ಚರ್ಚಿನ ಬಾಗಿಲಲ್ಲಿ, ಆಂಬ್ರೋಸ್‌ನನ್ನು ಮೂತ್ರಖಾನೆಯ ಬಾಗಿಲಲ್ಲಿ. “ಅಪಾಯ! ಮೇಲಿಂದ ಬರ್ತಾ ಇದೆ! ಮುಚ್ಚಿ!” ಆಂಬ್ರೋಸ್ ಟೋಪಿ ತಿರುವುತ್ತ, “ಈಗ ಕೆಳಗಿಂದ ಬರ್ತಾ ಇದೆ, ತಾಯಿ, ಬಿಡು” ಅಂದ. ಜನ ಬಿದ್ದುಬಿದ್ದು ನಕ್ಕರು. ಅವನು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಮುಖವಾಡದೊಳಗೆ ಕ್ಯೋಬಿ. ಹೊಟ್ಟೆಯಿಂದ ಗೊತ್ತಾಯಿತು.

“ಬೇಜಾರಾ?” ಜೀಟಾ ಪಕ್ಕದಲ್ಲಿ ನಿಂತು ಕೇಳಿದಳು.

“ಕೋಟು ಸರಿಯಿಲ್ಲ. ನನ್ನದಕ್ಕೆ ಬೆಲ್ಟ್ ಇದೆ.”

“ಇಷ್ಟು ವರ್ಷ ನಿನ್ನ ವೇಷ ಯಾರೂ ಹಾಕಿರ್ಲಿಲ್ಲ. ನಂದು ಮೂರು ಸಲ ಹಾಕಿದಾರೆ” ಅಂದಳು, ಸ್ವಲ್ಪ ಜಂಬದಿಂದಲೇ.

ಇದನ್ನೂ ಪದವಿಯ ಹಾಗೆ ಎಣಿಸುತ್ತಾರೆ. ಬಾಲಿಶ. ಆದರೆ ಬೆಲ್ಟ್ ಬಿಟ್ಟದ್ದು ನಿಜಕ್ಕೂ ಅಜಾಗರೂಕತೆ. ಹೋಟೆಲಿನ ಗೂಟದ ಮೇಲೆ ವಾರಕ್ಕೆರಡು ಸಲ ನೇತಾಡುವ ಕೋಟದು, ನೋಡಿ ಮಾಡಬಹುದಿತ್ತು. ಮುಂದಿನ ಸಲ ಹೇಳಬೇಕು.

ಮಾರ್ಚ್ 21, ಗುರುವಾರ

ಆ ಇಳಿಜಾರು ಇಡೀ ಚಳಿಗಾಲ ಕೆಳಗೆ ಬರಲಿಲ್ಲ. ಇನ್ನೆರಡು ಸಲ ಮುಚ್ಚಿಸಿದೆ, ಎರಡು ಸಲವೂ ಬೈಸಿಕೊಂಡೆ. ಈಗ ಅಲ್ಲಿ ಕಂದು ಹುಲ್ಲು ಕಾಣುತ್ತಿದೆ. ನಾನು ಸರಿ ಅಂತ ಸಾಬೀತಾಗುವ ಅವಕಾಶ ಕರಗಿ ಹೊಳೆಯಲ್ಲಿ ಹೋಯಿತು.

ಸಂಜೆ ಲುಕಾಸ್ ಮನೆಯಲ್ಲಿ ವೈನ್. ಹುಳಿ ಇತ್ತು. ನವೆಂಬರ್‌ನಲ್ಲಿ ಚೆನ್ನಾಗಿತ್ತು ಅಂತ ಬರೆದುಕೊಂಡಿದ್ದೇನೆ, ಬಾಟಲಿ ಬೇರೆ ಇರಬಹುದು. ಮೇಯುವುದಕ್ಕೆ ಹಸು ಹೊರಗೆ ಬಿಡುತ್ತಾರಲ್ಲ, ಅವುಗಳ ಕೊರಳ ಗಂಟೆಯ ಮೇಲೆ ಪಂಚಾಯಿತಿಗೆ ದೂರು ಕೊಡುತ್ತಾನಂತೆ. ಬೆಳಿಗ್ಗೆ ಐದಕ್ಕೇ ಎಚ್ಚರವಾಗುತ್ತದಂತೆ.

“ನಿಮ್ಮ ಸಹಾಯ ಬೇಕು. ಆ ಮೇಜಿನಲ್ಲಿ ಮನುಷ್ಯರು ಅಂತ ಇರೋದು ನೀವೊಬ್ಬರೇ.”

“ಗಂಟೆ ಇಲ್ಲದಿದ್ದರೆ ಮಂಜಿನಲ್ಲಿ ಹಸು ಹುಡುಕುವುದು ಹೇಗೆ?”

“ಜಿಪಿಎಸ್” ಅಂದ. “ನಾವಿಬ್ಬರೂ ಬೇರೆ ಥರದವರು, ಉರ್ಸಿನಾ. ಈ ಜನ ಇವತ್ತಿಗೂ ಒಂದು ವಾಕ್ಯ ಮುಗಿಸೋಕೆ ಕಲಿತಿಲ್ಲ.”

ಇದನ್ನೇ ನಾನೂ ಹೇಳುತ್ತೇನೆ. ಅವನ ಬಾಯಲ್ಲಿ ಯಾಕೆ ಅಗ್ಗವಾಗಿ ಕೇಳಿಸಿತು, ತಿಳಿಯಲಿಲ್ಲ. ಅವನು ಕೊಟ್ಟಿಗೆ ಕೊಂಡು ಎರಡು ವರ್ಷವಾಯಿತು, ಅದರಲ್ಲಿ ಯಾರ ಹಸುಗಳಿದ್ದವು ಅಂತಲೂ ಗೊತ್ತಿಲ್ಲ. ಬಿಸ್ಸಿಗ್‌ರದ್ದು. ಎಲ್ಲರಿಗೂ ಗೊತ್ತು.

ಏಪ್ರಿಲ್ 17, ಬುಧವಾರ

ಪ್ರಿಸ್ಕಾ ಫೋನ್. ಮೇಲಂತಸ್ತಿಗೆ ಬಣ್ಣ ಬಳಿಸುತ್ತಿದ್ದಾಳೆ. ಬಿಳಿ ಸಾಕಾ, ಕೆನೆ ಬಣ್ಣ ಬೇಕಾ? ಕೆನೆ ಅಂದೆ. ಬಾಲ್ಕನಿಯಿಂದ ಸರೋವರದ ಒಂದು ಚೂರು ಕಾಣುತ್ತದೆ. ಪಕ್ಕದಲ್ಲೇ ಪುಸ್ತಕದಂಗಡಿ. ಖುಷಿಯಾಗಬೇಕು. ಆಗಿದೆ ಅಂದುಕೊಳ್ಳುತ್ತೇನೆ.

ಜೀಟಾಗೆ ಇನ್ನೂ ಹೇಳಿಲ್ಲ. ವಿಳಾಸ ಬದಲಿಸಿಕೊಳ್ಳುವುದಕ್ಕೆ ಅವಳ ಕಿಟಕಿಗೇ ಹೋಗಬೇಕು. ಊರು ಬಿಟ್ಟು ತಪ್ಪಿಸಿಕೊಂಡವನೊಬ್ಬ ಹಿಂದೆ ಇದ್ದನಂತೆ, ಬೇರೆ ಮಾತಿನ ನಡುವೆ ಅವಳೇ ಹೇಳಿದ್ದಳು. “ಅಮ್ಮನ ಮಣ್ಣಿಗೆ ಬಂದಿದ್ದ. ಯಾರೂ ಏನೂ ಅನ್ನಲಿಲ್ಲ.” ಇಲ್ಲಿ ಅದೇ ಶಿಕ್ಷೆ.

ಈ ವಾರ ಕೆಲಸ ಜಾಸ್ತಿ. ನೀರಿನ ಟ್ಯಾಂಕಿನ ದಾರಿಯಲ್ಲಿ ತಡೆಗೋಡೆ ಜಗ್ಗಿದೆ. ನೀರು ನನ್ನ ವಿಭಾಗವಲ್ಲ, ಕಾರ್ಲ್ ಬಿಸ್ಸಿಗ್‌ನದು. ಅವನಿಗೆ ಮೇ ತಿಂಗಳಲ್ಲಿ ಅರವತ್ತೈದು ತುಂಬುತ್ತದೆ, ಆಮೇಲೆ ಕಾನೂನು ಅವನನ್ನು ಹಿಡಿದಿಡುವಂತಿಲ್ಲ, ಹಾಗಾಗಿ ಈಗಲೇ ಕೈ ಬಿಟ್ಟಿದ್ದಾನೆ. ನಾನೇ ಹೋಗಿ ನೋಡಿ ಬಂದೆ. ಸೋಮಾರಿ ಮುದುಕ.

ಮೇ 14, ಮಂಗಳವಾರ

ಸಭೆ. ಕಾರ್ಲ್‌ನ ಜಾಗಕ್ಕೆ ಕ್ಯೋಬಿ ನಿಲ್ಲುತ್ತಾನಂತೆ. ನಿಲ್ಲುತ್ತಾನೆ, ಅಂದರೆ ಅವನಿಗೆ ಬೇಕಂತೆ. ಹೊಸ ಜಾಕೆಟ್ ಕೂಡ ಹೊಲಿಸಿದ್ದಾನೆ.

“ಬಂದ್ರೆ ಮೊದಲು ರಸ್ತೆ ಕೇಳ್ತಾನೆ” ಅಂದ ಆಂಬ್ರೋಸ್. “ನೀನಿರೋ ತನಕ ಕೊಡಲ್ಲ.”

ನಾನು ಚಹಾ ಕುಡಿದೆ. ಹೇಳುವುದಕ್ಕೆ ಅದೇ ಸರಿಯಾದ ಗಳಿಗೆಯಾಗಿತ್ತು. ಹೇಳಲಿಲ್ಲ.

ಸಾಮಾನು ತುಂಬುವ ರಟ್ಟಿನ ಡಬ್ಬಗಳನ್ನು ಮಡಿಸಿದ ಹಾಗೇ ಪಡಸಾಲೆಯಲ್ಲಿ ಇಟ್ಟಿದ್ದೇನೆ. ಲುಕಾಸ್‌ಗೆ ಮಾತ್ರ ಗೊತ್ತು.

ಮೇ 26, ಭಾನುವಾರ

ವಿವರವಾಗಿ ಬರೆದಿಡುತ್ತೇನೆ, ನಾಳೆ ನಾನೇ ನಂಬಲಿಕ್ಕಿಲ್ಲ.

ಗ್ರಾಮಸಭೆ. ವ್ಯಾಯಾಮದ ಹಾಲ್, ಮೇಲಿಂದ ಇಳಿಬಿಟ್ಟ ಹಗ್ಗಗಳನ್ನು ಗೋಡೆಗೆ ಕಟ್ಟಿದ್ದರು. ನಾವು ಐವರೂ ವೇದಿಕೆಯ ಮೇಜಿಗೆ. ಮೊದಲ ಸಾಲಿನಲ್ಲಿ ಕ್ಯೋಬಿ, ಹೊಸ ಜಾಕೆಟ್, ಆಗಲೇ ಗೆದ್ದವನ ಹೊಟ್ಟೆ. ಕೊನೆಯ ಸಾಲಿನಲ್ಲಿ ಲುಕಾಸ್, ಕಾಲ ಮೇಲೆ ಕಾಲು, ತೊಡೆಯ ಮೇಲೆ ಗಂಟೆಯ ದೂರಿನ ಫೈಲು. ಅವನು ಗ್ರಾಮಸಭೆಗೆ ಬಂದದ್ದು ಇದೇ ಮೊದಲು.

ಆಂಬ್ರೋಸ್ ಹೆಸರು ಕೇಳಿದ. ಕ್ಯೋಬಿಯ ತಂಗಿಯ ಮಗ ಎದ್ದು ಕ್ಯೋಬಿ ಅಂದ.

“ಬೇರೆ ಹೆಸರು?”

ಎಲ್ಲರೂ ಬೂಟು ನೋಡಿಕೊಂಡರು. ಈ ಜನರಲ್ಲಿ ಅರ್ಧದಷ್ಟು ಮಂದಿಗೆ ಕ್ಯೋಬಿ ಬೇಡ. ನನಗೆ ಗೊತ್ತು, ಅಂಗಡಿಯಲ್ಲಿ, ಬಸ್ಸಿನಲ್ಲಿ ನನ್ನ ಕಿವಿಗೇ ಹೇಳಿದ್ದಾರೆ. ಒಬ್ಬರಿಗೂ ಬಾಯಿಲ್ಲ. ಎಂಥ ಹೇಡಿಗಳು ಅಂದುಕೊಂಡೆ. ಅಷ್ಟರಲ್ಲಿ ನನ್ನ ದನಿ ಕೇಳಿಸಿತು.

“ಲುಕಾಸ್ ಫ್ರೈ.”

ಲುಕಾಸ್ ನಕ್ಕ, ತಮಾಷೆ ಅಂದುಕೊಂಡು. ಕ್ಯೋಬಿ ಕುರ್ಚಿ ಸಮೇತ ತಿರುಗಿದ. “ಅವನಿಗೆ ಏನ್ ಗೊತ್ತು?”

“ಏನೂ ಗೊತ್ತಿಲ್ಲ” ಅಂದೆ. “ಆದರೆ ಹಸುವಿನ ಗಂಟೆಗೆ ಬೆಳಿಗ್ಗೆ ಐದಕ್ಕೇ ಏಳುತ್ತಾರಂತೆ. ನೀರಿನ ಟ್ಯಾಂಕು ನೋಡಿ ಬರುವುದಕ್ಕೆ ಅನುಕೂಲ.”

ಮೊದಲು ನಕ್ಕದ್ದು ಜೀಟಾ. ಆಮೇಲೆ ಹಾಲ್ ಪೂರಾ. ಲುಕಾಸ್ ಎದ್ದು ನಿಂತ, ಫೈಲು ಕೆಳಗೆ ಬಿತ್ತು.

“ಇದು ಹುಚ್ಚುತನ. ಅವರೇ ಇಲ್ಲಿ ಇರಲ್ಲ. ಮುಂದಿನ ವಾರ ಲುಸೆರ್ನ್‌ಗೆ ಹೋಗ್ತಾ ಇದ್ದಾರೆ. ನನಗೆ ಅವರೇ ಹೇಳಿದ್ದು.”

ನಗು ನಿಂತಿತು. ಅಷ್ಟು ಮುಖಗಳು ಒಟ್ಟಿಗೆ ತಿರುಗಿದವು. ಆಂಬ್ರೋಸ್ ಮಾತ್ರ ತಿರುಗಲಿಲ್ಲ. ಮುಂದಿದ್ದ ನೀರಿನ ಲೋಟವನ್ನೇ ನೋಡುತ್ತ ಕುಳಿತ.

“ಹೌದಾ, ಉರ್ಸಿನಾ?” ಕ್ಯೋಬಿ ಕೇಳಿದ. ಅವನ ದನಿಯಲ್ಲಿ ಖುಷಿ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ.

“ಯಾರು ಹೇಳಿದ್ದು?” ಅಂದೆ.

“ಅವನೇ ಹೇಳ್ತಾ ಇದ್ದಾನಲ್ಲ.”

“ಅವರು ಬಾಸೆಲ್‌ನವರು” ಅಂದೆ.

ಅಷ್ಟು ಸಾಕಾಯಿತು. ಆಂಬ್ರೋಸ್ ಲೋಟ ಪಕ್ಕಕ್ಕೆ ಸರಿಸಿ, “ಕೈ ಎತ್ತಿ” ಅಂದ. ಎಣಿಸುವವರು ಎರಡು ಸಲ ಎಣಿಸಿದರು. ಕ್ಯೋಬಿಗೆ ಸಾಲಲಿಲ್ಲ. ಕ್ಯೋಬಿ ತನ್ನ ಕೈಯನ್ನು ಯಾರಿಗೆ ಎತ್ತಿದ ಅಂತ ಕೆಲವರು ಏನೇನೋ ಹೇಳುತ್ತಿದ್ದಾರೆ. ನನಗೆ ಕಾಣಿಸಲಿಲ್ಲ.

ಹೊರಗೆ ಲುಕಾಸ್ ನನ್ನ ತೋಳು ಹಿಡಿದ. “ಇದರ ವಿರುದ್ಧ ಕಾನೂನು ಇಲ್ಲವಾ?”

“ಇದೇ ಕಾನೂನು” ಅಂದೆ. “ಬೇಗ ಮನೆಗೆ ಹೋಗಿ. ಬ್ಯಾಂಡಿನವರು ಬರ್ತಾರೆ, ವೈನ್ ತೆಗೆದಿಡಬೇಕು.”

ಮೇ 27, ಸೋಮವಾರ

ಬೆಳಿಗ್ಗೆ ಪ್ರಿಸ್ಕಾಗೆ ಫೋನ್ ಮಾಡಿದೆ. ಮೇಲಂತಸ್ತನ್ನು ಬೇರೆ ಯಾರಿಗಾದರೂ ಕೊಡು ಅಂದೆ.

“ಕೆನೆ ಬಣ್ಣ ಬಳಿಸಿಯಾಯ್ತು, ಉರ್ಸಿ. ಏನಾಯ್ತು ನಿನಗೆ? ಆ ಜನರನ್ನ ಕಂಡ್ರೆ ಆಗಲ್ಲ ಅಂತ ಹನ್ನೊಂದು ವರ್ಷದಿಂದ ನನ್ನ ತಲೆ ತಿಂದಿದೀಯ.”

“ಆಗುವುದೇ ಇಲ್ಲ” ಅಂದೆ. ನಿಜವನ್ನೇ ಹೇಳಿದೆ. ಒಬ್ಬನಿಗೆ ಬಾಯಿಲ್ಲ, ಒಬ್ಬನಿಗೆ ಹೊಟ್ಟೆ ಬಿಟ್ಟರೆ ಬೇರೇನಿಲ್ಲ, ಹೊಸಬನಿಗೆ ಊರಿನ ನೀರು ಯಾವ ಕಡೆಯಿಂದ ಬರುತ್ತದೆ ಅಂತಲೇ ಗೊತ್ತಿಲ್ಲ. ಇಂಥವರ ಕೈಗೆ ಊರನ್ನು ಬಿಟ್ಟು ಹೋಗುವುದಾದರೂ ಹೇಗೆ?